ವೆನಿಸ್ಸಿನ ಗುಳಿಯಿಂದ ಎತ್ತಿದ ಮೂರು ಹರಳು

ಹುಲಿಗೆಪ್ಪಾ, ನಾನು ಸುಳ್ಳು ಹೇಳಿದೆ. ಇಟಲಿಯಲ್ಲಿ ನಮ್ಮಿಬ್ಬರಿಗೆ ಸಿಕ್ಕ ಏಳು ದಿನದ ರಜೆಯಲ್ಲಿ ನಿನ್ನ ಪಾಲಿಗೆ ಬಂದಿದ್ದ ಮೂರು ದಿನಗಳನ್ನು ನಾನು ಕದ್ದೆ — ಪಂಚಾಂಗ ಬಿಚ್ಚಿಕೊಂಡು, ನಿನ್ನ ಕಣ್ಣೆದುರಿಗೇ, ಹಾಡಹಗಲಿನಲ್ಲಿ. ಅಂದು ನಾನು ಓದಿ ಹೇಳಿದ ಒಂದು ಅಕ್ಷರವೂ ಆ ಪುಟದಲ್ಲಿ ಇರಲಿಲ್ಲ.

ನಿನಗೆ ಓದಲು ಬಾರದು. ಹಾಗಿದ್ದೂ ಬರೆಯುತ್ತಿದ್ದೇನೆ, ನಾಳೆ ನಿನ್ನ ಊರು ಹನುಮನಹಳ್ಳಿಗೆ ಬಂದು ಇದನ್ನು ನಾನೇ ನಿನ್ನೆದುರು ಓದುತ್ತೇನೆ. ಬಾಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನನ್ನ ನಾಲಿಗೆ ನಿನಗೆ ಗೊತ್ತಿಲ್ಲವೇ ಮಾರಾಯ? ಅರ್ಧ ದಾರಿಯಲ್ಲಿ ಅದು ಯಾವುದಾದರೂ ಕಥೆ ಹಿಡಿದು ಬೇರೆ ಕಡೆ ಹೊರಟುಬಿಡುತ್ತದೆ, ನೀನು ನಗುತ್ತೀಯ, ನಾನೂ ನಗುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಾಲ್ಕು ವರ್ಷ ಹೀಗೇ ಆಯಿತು. ಕಾಗದದ ಮೇಲಿದ್ದರೆ ತಪ್ಪಿಸಿಕೊಳ್ಳಲಾಗದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಾನು ಹನುಮಸಾಗರದ ಮಠದಯ್ಯನ ಮಗ ಸಂಗಯ್ಯ. ಅಪ್ಪ ಪಂಚಾಂಗ ನೋಡಿ ಊರಿಗೆ ದಿನ ಹೇಳುವವರು. ನನಗೋ ಅದಕ್ಕಿಂತ ಗಂಗಾವತಿಯ ಅಕ್ಕಿ ಗಿರಣಿಯ ಲಾರಿಯೇ ಪ್ರೀತಿ. ಲಾರಿ ಕಲಿತೆ, ಬಳ್ಳಾರಿಗೆ ಹೋಗಿ ಲಡಾಯಿಗೆ ಹೆಸರು ಬರೆಸಿದೆ. ಅಲ್ಲಿ ಸಾಲಿನಲ್ಲಿ ನನ್ನ ಹಿಂದೆ ನಿಂತವನೊಬ್ಬ, "ಏನ್ ಬಿಸಿಲೈತ್ರೀ ಯಪ್ಪಾ, ಹೊಳಿ ದಂಡ್ಯಾಗರ ನಿಂದ್ರಿಸಬಾರದಿತ್ತೇನು" ಎಂದ. ನಮ್ಮ ಕಡೆಯ ಮಾತು ಕೇಳಿ ಜೀವ ಬಂದಂತಾಗಿ ತಿರುಗಿ ನೋಡಿದರೆ ನೀನು. ತುಂಗಭದ್ರೆಯಲ್ಲಿ ಹರಗೋಲು ಹಾಕುವ ಅಂಬಿಗರ ಯಂಕಪ್ಪನ ಒಬ್ಬನೇ ಮಗ.

ನೀನು ಹೊಳೆಯವನೆಂದು ತಿಳಿದ ಕೂಡಲೇ ನಾನು ಏನು ಹೇಳಿದೆ, ನೆನಪಿದೆಯೇ? "ಆನೆಗೊಂದಿ ಹತ್ರ ನಾ ಹೊಳಿ ಎರಡು ಸಲ ಈಸೀನಿ" ಎಂದೆ. ಎರಡು ಸಲ! ಯಾಕೆ ಹಾಗಂದೆನೋ ಶಿವನೇ ಬಲ್ಲ. ಕುಷ್ಟಗಿ ತಾಲೂಕಿನ ಒಣ ನೆಲದಲ್ಲಿ ಬೆಳೆದ ನನಗೆ ನೀರು ಎಂದರೆ ಮನೆಯ ಹಿಂದಿನ ಬಾವಿ. ಅದನ್ನು ಬಗ್ಗಿ ನೋಡುವ ಧೈರ್ಯವೂ ಇರಲಿಲ್ಲ. ಒಮ್ಮೆ ಆನೆಗೊಂದಿಯಲ್ಲಿ ಹರಗೋಲು ಹತ್ತಿದ್ದು ನಿಜ — ಕಣ್ಣು ಮುಚ್ಚಿ, ಪಕ್ಕದ ಮುದುಕಿಯ ಸೆರಗು ಹಿಡಿದು ಕೂತಿದ್ದೆ. ಆಚೆ ದಂಡೆಯಲ್ಲಿ ಆ ಅಜ್ಜಿ ಸೆರಗು ಬಿಡಿಸಿಕೊಳ್ಳಬೇಕಾದರೆ ಸಾಕುಬೇಕಾಯಿತು.

ಹಡಗಿನಲ್ಲಿ ಹೋಗುವಾಗ ನನ್ನ ಪಾಡು ನೀನು ನೋಡಿದ್ದೆ. ಸೋಮವಾರ ಉಪವಾಸ ಎಂದೆ. ಮಂಗಳವಾರ ಹರಕೆ ಎಂದೆ. ಬುಧವಾರ ಏನೂ ತೋಚದೆ "ಮೌನವ್ರತ" ಎಂದು ಕೈಸನ್ನೆ ಮಾಡಿ ಮುಸುಕು ಹಾಕಿ ಮಲಗಿದೆ. ನೀನು ಎಲ್ಲರಿಗೂ "ನಮ್ಮ ಅಯ್ಯಾರು ಭಾಳ ಆಚಾರದವ್ರು, ಅವರ್ನ ಮಾತಾಡಿಸಬ್ಯಾಡ್ರಿ" ಎಂದು ಹೇಳಿಕೊಂಡು ಬಂದೆ. ಮುಸುಕಿನೊಳಗೆ ನನಗೆ ನಗುವೂ ಬಂತು, ವಾಂತಿಯೂ ಬಂತು.

ಅದು ಬಿಡು. ನಲವತ್ತೈದರಲ್ಲಿ ಲಡಾಯಿ ಮುಗಿಯಿತು. ನಾವಿಬ್ಬರೂ ಓಡಿಸುತ್ತಿದ್ದ ಪಲ್ಟನ್ನಿನ ಲಾರಿಗಳು ಫ್ಲಾರೆನ್ಸಿನ ಹೊರಗಿನ ಒಂದು ದ್ರಾಕ್ಷಿ ತೋಟದಲ್ಲಿ ನಿಂತಿದ್ದವು. ತೋಟದ ಮುದುಕನನ್ನು ನೀನು ದ್ರಾಕ್ಷಿ ಅಜ್ಜ ಎಂದು ಕರೆಯುತ್ತಿದ್ದೆ. ನೀನು ಅವನೊಂದಿಗೆ ಕನ್ನಡದಲ್ಲಿ, ಅವನು ನಿನ್ನೊಂದಿಗೆ ಅವನ ಭಾಷೆಯಲ್ಲಿ — ಗಂಟೆಗಟ್ಟಲೆ ಮಾತು! ಎರಡೂ ಕಡೆ ಕೈಯೇ ಬಾಯಿ. ನೀನು ಅಂಬಿಗನೆಂದು ತಿಳಿದದ್ದೇ ಅವನು ನೆಲದ ಮೇಲೆ ಕಡ್ಡಿಯಿಂದ ಮನೆ ಬರೆದ, ಮನೆಯ ಬಾಗಿಲಿಗೆ ನೀರು ಬರೆದ, ನೀರಿನಲ್ಲಿ ದೋಣಿ ಬರೆದ. ವೆನಿಸ್ ಎಂದ. ಅಲ್ಲಿ ಓಣಿಗಳೆಲ್ಲ ನೀರು, ಮಂದಿ ಸಂತೆಗೆ ಹೋಗುವುದೂ ದೋಣಿಯಲ್ಲಿ, ಮದುವೆಗೆ ಹೋಗುವುದೂ ದೋಣಿಯಲ್ಲಿ.

ನೀನು ಅವತ್ತು ಊಟ ಬಿಟ್ಟು ಓಡಿ ಬಂದೆ. "ಅಯ್ಯಾರ, ಊರಿಗೂರ ಅಂಬಿಗರದಂತ್ರೀ! ಅಪ್ಪಗ ಕಾಗದ ಬರೀರಿ, ಈಗಿಂದೀಗ ಬರೀರಿ!"

ಬರೆದೆ. ನಿನ್ನ ಕಾಗದಗಳೆಲ್ಲ ನನ್ನ ಕೈಯವೇ. ಯಂಕಪ್ಪನ ಉತ್ತರವೂ ಬಂತು, ಆನೆಗೊಂದಿಯ ಸಾಲಿ ಮಾಸ್ತರರಿಂದ ಬರೆಸಿದ್ದು. ಅದನ್ನು ಓದಿದವನೂ ನಾನೇ. "ಓಣಿಯೊಳಗ ದೋಣಿ ಹೆಂಗ ತಿರುವ್ತಾರ? ಎದುರಿಗೆ ಇನ್ನೊಂದು ಬಂದ್ರ ಯಾರು ಸರೀತಾರ? ಹುಟ್ಟು ಒಂದೋ ಎರಡೋ? ನೀ ಕಣ್ಣಿಲೆ ನೋಡಿ ಬಂದು ನನಗ ಹೇಳಬೇಕು. ನೋಡದ ಬಂದ್ಯಂದ್ರ ಹರಗೋಲು ಹತ್ತಿಸಿಕೊಳ್ಳೂದಿಲ್ಲ, ಈಸಿಕೊಂಡು ಬಾ ಮನಿಗೆ." ನೀನು ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಆ ಊರು ನಿನಗೂ ನಿನ್ನ ಅಪ್ಪನಿಗೂ ಏನೆಂಬುದು ನನ್ನಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಜೆ ಸಿಕ್ಕಿತು. ಇಬ್ಬರಿಗೆ ಒಂದು ಚೀಟಿ, ಏಳು ದಿನ. ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಒಬ್ಬ ಒಂದು ಕಡೆ ಇನ್ನೊಬ್ಬ ಇನ್ನೊಂದು ಕಡೆ ಹೋಗುವಂತಿಲ್ಲ. ಇಡೀ ಇಟಲಿ ಎದುರಿಗಿದೆ, ದಿನ ಏಳೇ!

ಲಾರಿಯ ನೆರಳಿನಲ್ಲಿ ಕೂತು ನೀನು ನೆಲದಲ್ಲಿ ನಾಲ್ಕು ಗುಳಿ ತೋಡಿದೆ, ಮನೆಯಲ್ಲಿ ಹೆಂಗಸರು ಹುಣಸೆಬೀಜ ಹಾಕಿ ಆಡುತ್ತಾರಲ್ಲ, ಹಾಗೆ. ಏಳು ಹರಳು ಆರಿಸಿ ತಂದೆ, ದಿನಕ್ಕೊಂದು. ರೋಮ್ ಒಂದು ಗುಳಿ, ವೆನಿಸ್ ಒಂದು, ನೇಪಲ್ಸ್ ಒಂದು, ಪೀಸಾ ಒಂದು. ನಾನು ಸುಮ್ಮನೆ ಗುಳಿಗೆ ಎರಡೆರಡು, ಕೊನೆಯದಕ್ಕೆ ಒಂದು ಹಾಕಹೊರಟೆ. ನೀನು ನನ್ನ ಕೈ ಹಿಡಿದೆ. "ಹೋಗೂ ಹರಳು, ಬರೂ ಹರಳು ಬ್ಯಾರೆ ತಗೀರಿ ಅಯ್ಯಾರ. ಹೊಳಿ ದಾಟೂದು ಲೆಕ್ಕಕ್ಕಿಲ್ಲೇನು?" ಅದು ಅಂಬಿಗನ ಲೆಕ್ಕ; ಸರಿಯಾದ ಲೆಕ್ಕ. ಸಾಹೇಬರ ದಫ್ತರಿನಲ್ಲಿ ನಕಾಶೆ ಹಾಸಿಕೊಂಡು ಕೂತಿದ್ದ ಓದಿದ ಮಂದಿಗೂ ಅದು ಹೊಳೆದಿರಲಿಲ್ಲ. ಅರ್ಧ ಮಂದಿ ರಜೆಯನ್ನೆಲ್ಲ ಲಾರಿಯಲ್ಲೇ ಕಳೆದು ಬಂದರು.

ಪೀಸಾದಲ್ಲಿ ಒಂದು ಗೋಪುರ ವಾಲಿ ನಿಂತಿದೆ, ಬೀಳುವುದರೊಳಗೆ ನೋಡೋಣ ಎಂದೆ. "ಬೀಳೂದು ಯಾಕ್ರಿ ನೋಡಬೇಕು? ನಮ್ಮ ಹೊಳಿ ಆಚೀಕ ಹಂಪ್ಯಾಗ ಬಿದ್ದದ್ದ ಬೇಕಾದಷ್ಟೈತಿ" ಎಂದು ಆ ಗುಳಿಯನ್ನು ಕಾಲಿನಿಂದ ಮುಚ್ಚಿಬಿಟ್ಟೆ. ನೇಪಲ್ಸನ್ನು ಹಡಗಿನಿಂದ ಇಳಿದಾಗಲೇ ಕಂಡಿದ್ದೆವು, ಅದೂ ಹೋಯಿತು. ಉಳಿದದ್ದು ಎರಡು. ಉತ್ತರಕ್ಕೆ ವೆನಿಸ್ — ಹೋಗಲು ಒಂದು, ಇರಲು ಒಂದು, ಬರಲು ಒಂದು. ದಕ್ಷಿಣಕ್ಕೆ ರೋಮ್ — ಹೋಗಲು ಒಂದು, ಇರಲು ಎರಡು, ಬರಲು ಒಂದು. ಮೂರು, ನಾಲ್ಕು. ಇಷ್ಟು ಚೆನ್ನಾದ ಪಾಲು ಅಣ್ಣತಮ್ಮಂದಿರಲ್ಲೂ ಆಗಿರಲಿಕ್ಕಿಲ್ಲ. ನಾನು ದೊಡ್ಡ ಮನಸ್ಸಿನವನಂತೆ, "ಮೊದಲು ನಿಂದು ಆಗಲಿ" ಎಂದೆ. ನೀನು ಆ ಖುಷಿಗೆ ಲಾರಿಯ ಚಕ್ರಕ್ಕೂ ಕೈ ಮುಗಿದೆ.

ಮರುದಿನ ಮಧ್ಯಾಹ್ನ ದ್ರಾಕ್ಷಿ ಅಜ್ಜನಿಗೆ ಸುದ್ದಿ ಹೇಳಲು ಹೋದೆವು. ಅವನು ಹಿಗ್ಗಿ ಹೋಗಿ ಮತ್ತೆ ಕಡ್ಡಿ ಹಿಡಿದ. ರಸ್ತೆ ಎಲ್ಲಿಯವರೆಗೆ ಎಂದು ತೋರಿಸಿದ. ಅಲ್ಲಿಗೆ ಲಾರಿ ನಿಂತಿತು. ಅಲ್ಲಿಂದ ಮುಂದೆ — ಎರಡೂ ಕೈ ಅಗಲಿಸಿ — ನೀರು. ದೋಣಿಯಿಲ್ಲದೆ ಒಂದು ಹೆಜ್ಜೆಯೂ ಇಲ್ಲ ಎಂದು ನಮಗೆ ಅರ್ಥವಾಯಿತು. ನೀನು ಚಪ್ಪಾಳೆ ತಟ್ಟಿದೆ. ಅದುವರೆಗೆ ನಾನು ಅಂದುಕೊಂಡಿದ್ದು, ನೀನು ದೋಣಿಯಲ್ಲಿ ತಿರುಗು, ನಾನು ದಂಡೆಯಲ್ಲಿ ಕೂತು ಹಣ್ಣು ತಿನ್ನುತ್ತೇನೆ ಎಂದು. ಅಲ್ಲಿ ದಂಡೆಯೇ ಇಲ್ಲವಂತೆ!

ಅಷ್ಟೇ ಆಗಿದ್ದರೆ — ನಿನಗೆ ಹೇಳಬಹುದಿತ್ತು. "ನನಗ ನೀರಂದ್ರ ಅಂಜಿಕಿ ಹುಲಿಗೆಪ್ಪಾ" ಎಂದು ನಾಲ್ಕು ಮಾತು. ನೀನು ಹೊಟ್ಟೆ ಹಿಡಿದು ನಗುತ್ತಿದ್ದೆ, ಆಮೇಲೆ ನನ್ನನ್ನು ದೋಣಿಯ ನಡುವೆ ಕೂರಿಸಿ ತೋಳು ಹಿಡಿದುಕೊಳ್ಳುತ್ತಿದ್ದೆ. ಆದರೆ ಹೊಳೆ ಎರಡು ಸಲ ಈಜಿದವನು ನಾನು. ಆಚಾರದ ಅಯ್ಯ. ನಿನ್ನ ಎದುರು ಸಣ್ಣವನಾಗುವುದು — ಅದೊಂದು ಆಗಲಿಲ್ಲ ನನ್ನಿಂದ.

ಅಪ್ಪ ಪ್ರತಿ ಯುಗಾದಿಗೆ ಪಂಚಾಂಗ ಕಳಿಸುತ್ತಿದ್ದರು. ಲಾರಿಗೆ ಮರಳಿದ ಮೇಲೆ, ಆ ಗುಳಿಗಳ ಪಕ್ಕದಲ್ಲೇ ಕೂತು ನಾನು ಅದನ್ನು ಹೊರಗೆ ತೆಗೆದೆ. ಕುಷ್ಟಗಿಯ ಸೂರ್ಯೋದಯಕ್ಕೆ ಕಟ್ಟಿದ ಲೆಕ್ಕ ಅದು. ಇಟಲಿಯಲ್ಲೋ, ರಾತ್ರಿಯ ಊಟವಾಗಿ ತಟ್ಟೆ ತೊಳೆದರೂ ಸೂರ್ಯ ಮುಳುಗುತ್ತಿರಲಿಲ್ಲ. ಆ ಪುಸ್ತಕದಿಂದ ಅಲ್ಲಿ ಒಂದು ರಾಹುಕಾಲವನ್ನೂ ಸರಿಯಾಗಿ ಹೇಳಲಾಗದು. ಆದರೂ ಬೆರಳು ಎಣಿಸಿದೆ, ಹುಬ್ಬು ಗಂಟಿಕ್ಕಿದೆ. ನಿನ್ನ ಹೆಸರಿಗೆ ಪುಷ್ಯ ನಕ್ಷತ್ರ, ಕರ್ಕ ರಾಶಿ, ಅದು ಜಲರಾಶಿ — ಇಷ್ಟು ನಿಜ. ಆಮೇಲೆ ಆ ಮಾತು ಬಂತು.

"ಹುಲಿಗೆಪ್ಪಾ, ನಿನಗ ಜಲಗಂಡ ಐತಿ."

ನಿನ್ನ ಮುಖ ಈಗಲೂ ಕಾಣುತ್ತದೆ. ನೀರಿನಿಂದ ಸಾವು ಎಂದರೆ ಬೇರೆಯವರು ಬೆಚ್ಚುತ್ತಾರೆ. ನೀನು ಬೆಚ್ಚಲಿಲ್ಲ, ಯಾರೋ ನಿನ್ನ ಮನೆಯವರ ಬಗ್ಗೆಯೇ ಕೆಟ್ಟದ್ದು ಹೇಳಿದಂತೆ ನೋಡಿದೆ. "ನೀರಿಂದ? ನನಗ?" ಎಂದೆ. ನಾನು ತಲೆಯಾಡಿಸಿದೆ. ಆಮೇಲೆ ನೀನೇ ಬಗ್ಗಿ, ವೆನಿಸ್ಸಿನ ಗುಳಿಯಿಂದ ಮೂರು ಹರಳುಗಳನ್ನು ಒಂದೊಂದಾಗಿ ಎತ್ತಿ ರೋಮಿನ ಗುಳಿಗೆ ಹಾಕಿದೆ. "ನೀವು ನೋಡಿ ಹೇಳಿದ ಮ್ಯಾಲ ಮುಗೀತ್ರಿ. ಜೀವ ಇದ್ರ ಊರು ಸಾವಿರ ನೋಡಬಹುದು" ಎಂದೆ. ನನ್ನನ್ನು ಸಮಾಧಾನ ಮಾಡುವ ಧ್ವನಿಯಲ್ಲಿ! ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ರೋಮಿನಲ್ಲಿ ನಾವು ನಕ್ಕದ್ದು ಸುಳ್ಳಲ್ಲ. ಆ ಮಾರುದ್ದದ ಶಾವಿಗೆ — ಬೆಲ್ಲ ಇಲ್ಲ, ಹಾಲಿಲ್ಲ, ಮೇಲೆ ಹುಳಿಹುಳಿ ಕೆಂಪು ಸಾರು! "ಇವ್ರ ಹೆಂಗಸರಿಗೆ ಪಾಯಸ ಮಾಡಾಕ ಯಾರೂ ಕಲಿಸಿಲ್ಲರೀ ಪಾಪ" ಎಂದು ನೀನು ಮರುಗಿದೆ. ದೊಡ್ಡ ಗುಡಿಯ ಕಂಬ ಅಪ್ಪಿ ಅಳತೆ ನೋಡಿದೆ. ಎರಡು ದಿನದಲ್ಲಿ ನೋಡುವುದೆಲ್ಲ ಮುಗಿಯಿತು. ಉಳಿದ ಮೂರು ದಿನ, ನಿನ್ನ ಆ ಮೂರು ದಿನ, ನಾವು ಏನು ಮಾಡಿದೆವು ಗೊತ್ತಲ್ಲ? ಡೇರೆಯಲ್ಲಿ ಮಲಗಿ ಹುಲಿ-ಕುರಿ ಆಡಿದೆವು. ಸಂಜೆಯಾದರೆ ನೀನು ಅಲ್ಲಿನ ಹೊಳೆಯ ಸೇತುವೆಗೆ ಹೋಗುತ್ತಿದ್ದೆ. ನೀರಿಗೆ ಇಳಿಯುತ್ತಿರಲಿಲ್ಲ, ಮೇಲೆಯೇ ನಿಂತು ನೋಡುತ್ತಿದ್ದೆ. "ಇಲ್ಲೊಂದು ಹರಗೋಲಿದ್ರ ದಿನಾ ಹತ್ತು ಖೇಪು ಹೊಡೀಬಹುದಿತ್ರಿ" ಎಂದು ಒಮ್ಮೆ ಹೇಳಿದೆ. ನಾನು ಹಣ್ಣು ತಿನ್ನುತ್ತಿದ್ದೆ.

ಅಲ್ಲಿಗೆ ನಿಲ್ಲಲಿಲ್ಲ ಅದು. ಮರಳಿ ಬಂದ ಮೇಲೆ ನೀನು ಅಪ್ಪನಿಗೆ ಕಾಗದ ಬರೆಸಿದೆ: ಅಯ್ಯಾರು ಜಲಗಂಡ ನೋಡಿ ಹೇಳಿದರು, ನೀರಿನ ಊರಿಗೆ ಹೋಗಲಿಲ್ಲ. ನನ್ನ ಕೈಯಿಂದಲೇ ಬರೆದೆ. ಆ ಒಂದು ಸಾಲು ಬಿಟ್ಟು ಬರೆದಿದ್ದರೆ ನಿನಗೆ ತಿಳಿಯುತ್ತಿರಲಿಲ್ಲ — ಆದರೆ ಆಗ ಮಾತ್ರ ನನಗೆ ಎಲ್ಲಿಲ್ಲದ ಪ್ರಾಮಾಣಿಕತೆ ಬಂದಿತ್ತು, ನೀನು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ.

ಊರಿಗೆ ಬರುವಾಗ ಹಡಗಿನಲ್ಲಿ ನೀನು ಅಂಚಿಗೆ ಬರಲಿಲ್ಲ. ಇಬ್ಬರೂ ಹಡಗಿನ ನಟ್ಟನಡುವೆ ಕಂಬಕ್ಕೆ ಒರಗಿ ಕೂತೆವು, ನೀನು ಜಲಗಂಡಕ್ಕೆ ಹೆದರಿ, ನಾನು ನೀರಿಗೆ ಹೆದರಿ. ನೋಡಿದವರು ಎಂಥ ಜೋಡಿ ಎಂದುಕೊಂಡರೋ ಏನೋ.

ಹನುಮನಹಳ್ಳಿಯ ದಂಡೆಯಲ್ಲಿ ಯಂಕಪ್ಪ ನಿನ್ನನ್ನು ಅಪ್ಪಿಕೊಂಡ. ನಿನ್ನ ಕೈ ಹರಗೋಲಿನ ಹುಟ್ಟಿಗೆ ಹೋಯಿತು. ನಾಲ್ಕು ವರ್ಷ ಹಿಡಿಯದ ಹುಟ್ಟು ಅದು. ಯಂಕಪ್ಪ ಅದನ್ನು ನಿನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಬ್ಯಾಡಪ. ನನಗಿರಾಂವ ನೀ ಒಬ್ಬಾಂವ. ನೀ ಲಾರಿ ಹೊಡಿ" ಎಂದ. ಆಮೇಲೆ ನನ್ನ ಕಾಲಿಗೆ ಬಿದ್ದ — ನನಗಿಂತ ಮೂವತ್ತು ವರ್ಷ ದೊಡ್ಡವನು! "ನನ್ನ ಮಗನ್ನ ಉಳಿಸಿಕೊಂಡು ಬಂದ್ರಿ ಅಯ್ಯಾರ. ನಾ ಇರೂತನಕ ಈ ಹೊಳ್ಯಾಗ ನಿಮಗ ದಾಟೂ ಕೂಲಿ ಇಲ್ಲ."

"ಯಂಕಪ್ಪಾ, ಆ ಗಂಡಾಂತರ ಆಗ ಇತ್ತು, ಈಗ ಕಳದೈತಿ" ಎಂದೆ. ಅವನು ನನ್ನ ಮುಖ ನೋಡಿ ಕೇಳಿದ: "ಮತ್ತ ಬರೂದಿಲ್ಲಂತ ಬರಕೊಡ್ತೀರೇನ್ರಿ?" ಮಗನ ಜೀವದ ಮಾತು, ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಬರೆದುಕೊಟ್ಟರೆ ಅದು ನಿಲ್ಲುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ — ಮೊದಲು ಹೇಳಿದ್ದೇ ಸುಳ್ಳು ಎಂಬ ಮಾತು. ಸುತ್ತ ಹತ್ತು ಮಂದಿ ನಿಂತಿದ್ದರು. ಆ ಮಾತನ್ನು ನುಂಗಿಕೊಂಡೆ.

ಅದಾದ ಮೇಲೆ ಯಂಕಪ್ಪ ಹರಗೋಲು ಹತ್ತಿದವರಿಗೆಲ್ಲ ನನ್ನ ಕಥೆ ಹೇಳಿದ. ಇಟಲಿಯಲ್ಲಿ ಕೂತು ಸಾವನ್ನು ಕಂಡ ಅಯ್ಯ! ಯಲಬುರ್ಗಾದಿಂದ, ಕೊಪ್ಪಳದಿಂದ ಮಂದಿ ಹನುಮಸಾಗರಕ್ಕೆ ಬಂದು ನನ್ನಿಂದ ದಿನ ಕೇಳತೊಡಗಿದರು. ಲಾರಿ ಬಿಟ್ಟು ಅಪ್ಪನ ಗಾದಿಯ ಮೇಲೆ ಕೂತೆ. ನಿನ್ನ ಊರಿಗೆ ಬಂದಾಗ ಯಂಕಪ್ಪ ಬಿಡುತ್ತಿರಲಿಲ್ಲ, ಬಲವಂತದಿಂದ ಹರಗೋಲು ಹತ್ತಿಸಿ ಆಚೆ ದಂಡೆ ತೋರಿಸುತ್ತಿದ್ದ. ನಾನು ಕಣ್ಣು ಮುಚ್ಚಿ ಕೂತರೆ, "ಅಯ್ಯಾರು ಧ್ಯಾನದಾಗ ಅದಾರ, ಗದ್ಲ ಮಾಡಬ್ಯಾಡ್ರಿ" ಎಂದು ಬೇರೆಯವರನ್ನು ಸುಮ್ಮನಿರಿಸುತ್ತಿದ್ದ. ಅಂಥ ಒಂದು ದಿನ ನಡುಹೊಳೆಯಲ್ಲಿ ಕೇಳಿದ: "ನೀವರ ಯಾರನ್ನರ ಕೇಳಿದ್ರೇನ್ರಿ — ಆ ಊರಾಗ ಎದುರಿಗೆ ಇನ್ನೊಂದು ಬಂದ್ರ ಯಾರು ಸರೀತಾರಂತ?" ನಾನು "ಖಾಲಿ ಇದ್ದದ್ದು ಸರೀತೈತಂತ" ಎಂದುಬಿಟ್ಟೆ. "ಹಂಗಾದ್ರ ಛಲೋ ಮಂದಿ ಬಿಡ್ರಿ, ನಮ್ಮಲ್ಲೂ ಅದ ಪದ್ಧತಿ" ಎಂದು ಅವನು ತುಂಬ ಸಂತೋಷಪಟ್ಟ. ಅದೂ ನಾನು ಕಟ್ಟಿದ್ದು, ಹುಲಿಗೆಪ್ಪಾ. ಯಾರು ಸರಿಯುತ್ತಾರೋ ನನಗೆ ಗೊತ್ತಿಲ್ಲ. ನೀನು ನೋಡಿ ಬಂದು ಹೇಳಬೇಕಾಗಿದ್ದ ಮಾತು ಅದು.

ನೀನು ಕಾರಟಗಿಯ ಗಿರಣಿ ಲಾರಿ ಹಿಡಿದೆ. ಚೆನ್ನಾಗಿಯೇ ಇದ್ದೀಯ, ಮನೆಗೆ ಹೆಂಚು ಹಾಕಿಸಿದೆ, ಹೆಂಡತಿ ಮಕ್ಕಳು ನಗುತ್ತಿದ್ದಾರೆ. ಇದನ್ನೇ ಹಿಡಿದುಕೊಂಡು ನಾನು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ: ಒಳ್ಳೆಯದೇ ಆಯಿತಲ್ಲ, ಎಲ್ಲರಂತೆ ಹೊಳೆಯಲ್ಲಿ ಸವೆಯದೆ... ಇಲ್ಲ. ಆ ಮಾತು ಹೇಳಲು ನನಗೆ ಬಾಯಿಲ್ಲ. ಅಪ್ಪನ ಹರಗೋಲಿನಲ್ಲಿ ನೀನು ದಾಟುವ ಮಂದಿಯಂತೆ ಮೊಳಕಾಲು ಮಡಚಿ ನಡುವೆ ಕೂರುವುದನ್ನು ನಾನು ನೋಡಿದ್ದೇನೆ. ಸೆಳವು ಬಂದಲ್ಲಿ ನಿನ್ನ ಹೆಗಲು ತಾನಾಗಿ ತಿರುಗುತ್ತಿತ್ತು, ಕೈಯಲ್ಲಿ ಹುಟ್ಟಿರಲಿಲ್ಲ. ಅದನ್ನು ಕಂಡೂ ನಾನು ನಿನ್ನ ಮನೆಯಲ್ಲಿ ಹೋಳಿಗೆ ಉಂಡೆ.

ಹೋದ ತಿಂಗಳು ಯಂಕಪ್ಪ ತೀರಿಕೊಂಡ. ಮೊನ್ನೆ ನೀನು ಹನುಮಸಾಗರಕ್ಕೆ ಬಂದಿದ್ದೆ. ನನ್ನ ಕಟ್ಟೆಯ ಮೇಲೆ ಕೂತು ಹೇಳಿದೆ: "ಅಪ್ಪನ ಹರಗೋಲು ಸುಮ್ಮನ ಬೋರಲ ಹಾಕೇತ್ರಿ. ನಾ ಅಂತೂ ಅದನ್ನ ಹಾಕೂ ಹಂಗಿಲ್ಲ. ಸೋದರಮಾವನ ಮಗಗ ಕೊಟ್ಟುಬಿಡ್ತೀನಿ. ಒಂದು ಛಲೋ ದಿನ ನೋಡಿ ಹೇಳ್ರಿ ಅಯ್ಯಾರ." ನಾನು ಪಂಚಾಂಗ ಬಿಚ್ಚಿದೆ. ಮತ್ತೆ ಮುಚ್ಚಿದೆ. ನಾನೇ ಬಂದು ಹೇಳುತ್ತೇನೆ ಎಂದು ನಿನ್ನನ್ನು ಕಳಿಸಿದೆ. ಹೋಗುವಾಗ ನೀನು ಎಂದಿನಂತೆ ನನ್ನ ಕಾಲು ಮುಟ್ಟಿದೆ.

ವೆನಿಸ್ಸಿನ ಮೂರು ದಿನ ನಾನು ನಿನಗೆ ಎಲ್ಲಿಂದ ತಂದು ಕೊಡಲಿ? ನಿನ್ನ ಅಪ್ಪ ಕೇಳಿದ್ದಕ್ಕೆ ಉತ್ತರವನ್ನು ಎಲ್ಲಿ ಒಯ್ದು ಮುಟ್ಟಿಸಲಿ? ಅವು ಹೋದವು. ನಾನು ಕಳೆದೆ. ಕ್ಷಮಿಸು ಎಂದು ಕೇಳಲು ಬಂದಿಲ್ಲ. ಬಯ್ದರೆ ಬಯ್ಯಿ, ಮಾತು ಬಿಟ್ಟರೆ ಬಿಡು, ಅದು ನಿನಗೆ ಬಿಟ್ಟದ್ದು. ಇದನ್ನು ಮನೆಯೊಳಗೆ ಓದುವುದಿಲ್ಲ. ದಂಡೆಯ ಮೇಲೆ, ನಿನ್ನ ಓಣಿಯವರೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಓದುತ್ತೇನೆ. ನನ್ನ ಕಟ್ಟೆಗೆ ನಾಡಿದ್ದಿನಿಂದ ಯಾರೂ ಬರದಿದ್ದರೆ ಬರದಿರಲಿ.

ನೀನು ಕೇಳಿದ ದಿನ ನಾನು ನೋಡಿಲ್ಲ, ನೋಡುವುದೂ ಇಲ್ಲ. ಹರಗೋಲನ್ನು ಯಾರಿಗೂ ಕೊಡಬೇಡ. ನಿನಗೆ ಜಲಗಂಡ ಇಲ್ಲ, ಹುಲಿಗೆಪ್ಪಾ. ಎಂದೂ ಇರಲಿಲ್ಲ.